ಕಚ್ಚದ ಹೆಣ್ಣು ಮೀನುಗಳು

ಬೌದ್ಧ ವಿಹಾರದ ಮೈಕು ದಿನಾ ಬೆಳಿಗ್ಗೆ ಮಾತಾಡುವ ಮೊದಲು ಒಮ್ಮೆ ಕೆಮ್ಮುತ್ತದೆ. ಆ ಕೆಮ್ಮು ಕೇಳಿದರೆ ಸಾಕು, ಈಚೆಗೆ ಸಮ್ಲಿ ಕೈಯಲ್ಲಿದ್ದ ಕೆಲಸ ಬಿಟ್ಟು ಮೀನಿನ ಕಡೆ ಓಡುತ್ತಿದ್ದಳು.

“ಕಾಲುವೆ ದಂಡೆಯ ಸಮ್ಲಿಯವರು, ತಮ್ಮ ತಾಯಿ ದಿವಂಗತ ಪ್ರಯೋಂಗ್ ಅವರ ನೂರನೇ ದಿನದ ಪುಣ್ಯಕ್ಕಾಗಿ, ನಮ್ಮ ಹೊಸ ಮಂಟಪಕ್ಕೆ ಗಿಡ ನೆಟ್ಟ ಗಾಜಿನ ತೊಟ್ಟಿಯನ್ನೂ ಅದರಲ್ಲಿ ಒಟ್ಟಿಗೆ ಬಾಳುವ, ಕಚ್ಚದ ಹೆಣ್ಣು ಮೀನುಗಳನ್ನೂ ಅರ್ಪಿಸುತ್ತಾರೆ. ಊರವರೆಲ್ಲ ಬಂದು ಪುಣ್ಯದಲ್ಲಿ ಪಾಲು ತಗೊಳ್ಳಿ. ಸಾಧು, ಸಾಧು.”

ಆ ಹೊತ್ತಿಗೆ ಸರಿಯಾಗಿ ಸಮ್ಲಿಯ ಹಜಾರದಲ್ಲಿ, ಅದೇ ಗಾಜಿನ ತೊಟ್ಟಿಯಲ್ಲಿ, ಕಚ್ಚದ ಹೆಣ್ಣು ಮೀನೊಂದು ಇನ್ನೊಂದರ ಬಾಲ ಹಿಡಿದು ಜಗ್ಗುತ್ತಿತ್ತು.

“ಕೇಳಿಸ್ತೇನೆ?” ಎಂದ ಗಂಡ ಥವಿನ್, ಗಂಜಿಯ ಬಟ್ಟಲಿನಿಂದ ತಲೆಯೆತ್ತದೆ. “ಗುರುಗಳು ಎಷ್ಟು ಚೆನ್ನಾಗಿ ಹೇಳ್ತಾರೆ. ಮೀನುಗಳಿಗೂ ಒಂದಿಷ್ಟು ತಿಳೀಬೇಕಿತ್ತು.”

“ನಿಮ್ಮ ಬಾಯಿಗೂ ಒಂದು ಬಿರಡೆ ಸಿಕ್ಕಿದ್ರೆ ಚೆನ್ನಾಗಿತ್ತು,” ಎಂದಳು ಸಮ್ಲಿ. ತೋಳೇರಿಸಿ ನೀರಿಗೆ ಕೈ ಹಾಕಿ, ಎರಡನ್ನೂ ಬಿಡಿಸಿದಳು. ಬಿಡಿಸಿಕೊಂಡದ್ದು ನೀರುಹುಲ್ಲಿನೊಳಗೆ ನುಗ್ಗಿತು. ಬಾಲ ಬಿಟ್ಟದ್ದು ಅವಳ ಬೆರಳನ್ನೇ ಕಚ್ಚಿತು.

ಊರು ಅಂಥದ್ದು. ಇಲ್ಲಿ ಕುಡಿಯುವವರಿಗಿಂತ ಮೀನು ಸಾಕುವವರಿಗೇ ಖಾಲಿ ಬಾಟಲಿ ಹೆಚ್ಚು ಬೇಕು. ಮನೆಮನೆಯ ಅಟ್ಟಣೆಯ ಮೇಲೂ ಚಪ್ಪಟೆ ವಿಸ್ಕಿ ಬಾಟಲಿಗಳ ಸಾಲು, ಬಾಟಲಿಗೊಂದು ಗಂಡು ಮೀನು, ಬಾಟಲಿ ಬಾಟಲಿಯ ನಡುವೆ ಒಂದೊಂದು ರಟ್ಟು. ಹೊರಗಿನವರು ಬೆಟ್ಟಾ ಅನ್ನುತ್ತಾರೆ, ಫೈಟರ್ ಅನ್ನುತ್ತಾರೆ. ಊರವರು ಕಚ್ಚುಮೀನು ಎಂದು ಹೆಸರಿಟ್ಟು ಕೈ ತೊಳೆದುಕೊಂಡಿದ್ದಾರೆ. ರಟ್ಟು ತೆಗೆದರೆ ಗಂಡುಗಳು ಗಾಜಿಗೆ ಮೂತಿ ಒತ್ತಿ ಕಿವಿರು ಅರಳಿಸಿ ಹಾರಾಡುತ್ತವೆ. ರಟ್ಟು ಇಟ್ಟರೆ ಸಾಧುಗಳಾಗುತ್ತವೆ. ರಟ್ಟಿಲ್ಲದೆ ಬಾಳುವುದು ಹೇಗೆಂದು ಇಲ್ಲಿ ಯಾರೂ ಯೋಚಿಸಿದವರಲ್ಲ. ಹೆಣ್ಣು ಮೀನನ್ನಂತೂ ಲೆಕ್ಕಕ್ಕೇ ಹಿಡಿದವರಲ್ಲ. ಮೊಟ್ಟೆಗೆ ಬೇಕಾದ ನಾಲ್ಕನ್ನು ಇಟ್ಟುಕೊಂಡು ಉಳಿದದ್ದನ್ನು ಗಂಡುಗಳ ಕಸರತ್ತಿಗೆ ಅಟ್ಟಾಡಿಸಿ, ಆಮೇಲೆ ಕಾಲುವೆಗೆ ಚೆಲ್ಲುವುದು ವಾಡಿಕೆ.

ಸಮ್ಲಿಯ ಅಪ್ಪನೂ ಹಾಗೆಯೇ ಚೆಲ್ಲುತ್ತಿದ್ದ. ಚೆಲ್ಲಗೊಡದವಳು ಅವಳ ಅಮ್ಮ ಪ್ರಯೋಂಗ್. ಗಂಡ ಬೇಡವೆಂದ ಹೆಣ್ಣುಗಳನ್ನೆಲ್ಲ ಹಿತ್ತಿಲ ಗುಡಾಣಗಳಿಗೆ ಬಿಟ್ಟು, ಮೇಲೆ ಅಂತರಗಂಗೆ ಹರಡಿ, ಸೊಳ್ಳೆಮರಿ ಹಾಕಿ ಸಾಕಿದಳು. ಒಂದು ಗುಡಾಣದಲ್ಲಿ ಹತ್ತೆಂಟು ಹೆಣ್ಣುಗಳು, ಒಂದೂ ಜಗಳವಿಲ್ಲ. ಅದನ್ನು ನೋಡಿಕೊಂಡೇ ಬೆಳೆದ ಸಮ್ಲಿ, ಅಮ್ಮನ ಬೂದಿ ಆರುವ ಮೊದಲೇ ತನ್ನ ಬಾಯಿಂದ ತಾನೇ ಸಿಕ್ಕಿಬಿದ್ದಳು.

ಹಿರಿಯ ಭಿಕ್ಷುಗಳು ಹೊಸ ಮಂಟಪ ತೋರಿಸುತ್ತ, “ಇಲ್ಲೊಂದು ಮೀನಿನ ತೊಟ್ಟಿ ಇದ್ದಿದ್ರೆ ಮನಸ್ಸಿಗೆ ತಂಪು. ಆದ್ರೆ ನಮ್ಮೂರಲ್ಲಿ ಇರೋದೆಲ್ಲ ಕಚ್ಚೋ ಜಾತಿ,” ಎಂದಿದ್ದರು. ಸಮ್ಲಿ ಎದ್ದು ನಿಂತು ಕೈ ಮುಗಿದು, “ಹೆಣ್ಣು ಕಚ್ಚಲ್ಲ ಗುರುಗಳೆ. ನಮ್ಮಮ್ಮನ ಹೆಸರಲ್ಲಿ ನಾನು ಕೊಡ್ತೀನಿ,” ಎಂದುಬಿಟ್ಟಳು. ಗಂಡಸರು ಕಿಸಕ್ಕನೆ ನಕ್ಕರು. ಗುರುಗಳು ನಗಲಿಲ್ಲ, ಮೈಕು ತೆಗೆದುಕೊಂಡರು. ಅಲ್ಲಿಗೆ ಮುಗಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೈಕಿನಲ್ಲಿ ಹೋದ ಮಾತಂತೂ ಕಾಲುವೆಯ ಎರಡೂ ದಂಡೆಗೆ ಹೋಯಿತು.

ಊರು ನಗುವುದನ್ನು ಸಮ್ಲಿ ಸಹಿಸಿಕೊಂಡಾಳು. ಸಹಿಸಲಾಗದ್ದು ಬೇರೆ. ಸಾರಿದ ಪುಣ್ಯವನ್ನು ಕೊಡದೆ ಹೋದರೆ, ಅದಕ್ಕಾಗಿ ಬಂದ ಸತ್ತವರು ವಿಹಾರದ ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿರುತ್ತಾರೆ ಎಂದು ಆ ಕಡೆಯ ಅಜ್ಜಿಯರು ಹೇಳುತ್ತಾರೆ. ಅಮ್ಮ ಬದುಕಿದ್ದಷ್ಟು ಕಾಲವೂ ಪಾಲಿಗೆ ಬಂದದ್ದರಲ್ಲಿ ಅರ್ಧ ಕೊಟ್ಟು ಉಳಿದರ್ಧದಲ್ಲಿ ಬದುಕಿದವಳು. ಸತ್ತ ಮೇಲೂ ಬರಿಗೈಯೆ?

ಅವಳೇನು ಉದಾಸೀನ ಮಾಡಿರಲಿಲ್ಲ. ಅಮ್ಮ ಹೋದ ವಾರವೇ ಹಿತ್ತಿಲ ಗುಡಾಣದಿಂದ ಬೆಳೆದ ಹೆಣ್ಣುಗಳನ್ನೆಲ್ಲ ಎತ್ತಿ, ಒಂದೊಂದಕ್ಕೂ ತೊಳೆದ ಬಾಟಲಿ ಕೊಟ್ಟು, ನಡುವೆ ರಟ್ಟಿಟ್ಟು, ಅಪ್ಪನ ಗಂಡುಗಳು ಇದ್ದ ಒಳ್ಳೆಯ ಅಟ್ಟಣೆಯಲ್ಲೇ ಜೋಡಿಸಿದ್ದಳು. ಹುಟ್ಟಿದಂದಿನಿಂದ ಒಂದೇ ಗುಡಾಣದಲ್ಲಿ ಇಡಿಕಿರಿದು ಬದುಕಿದವು, ವಿಹಾರಕ್ಕೆ ಹೋಗುವ ಮೊದಲು ಸ್ವಲ್ಪ ಸುಖ ಕಾಣಲಿ, ರೆಕ್ಕೆ ತುಂಬಿಕೊಳ್ಳಲಿ ಎಂದು. ಗಂಡುಗಳಿಗೆ ಮಾಡುವ ಉಪಚಾರವನ್ನೆಲ್ಲ ಮಾಡಿದಳು. ಕಾಡುಬಾದಾಮಿಯ ಒಣ ಎಲೆ ಹಾಕಿ ನೀರು ಚಹಾದ ಬಣ್ಣಕ್ಕೆ ಬರುವಂತೆ ನೋಡಿಕೊಂಡಳು. ಮೀನುಗಳು ಮೈತುಂಬಿಕೊಂಡು ಮಿರಮಿರ ಮಿಂಚಿದವು. ಆಮೇಲೆ ತೊಟ್ಟಿಗೆ ಮರಳು ಹಾಸಿ, ಕೊರಡು ಇಟ್ಟು, ಹುಲ್ಲು ನೆಟ್ಟು, ಎಲ್ಲವನ್ನೂ ಒಟ್ಟಿಗೆ ಬಿಟ್ಟಳು.

ಆ ದಿನ ಸಂಜೆಗೇ ಒಂದು ತೇಲಿತು.

ಇನ್ನೂ ಹುಲ್ಲು ನೆಟ್ಟಳು. ಹುಲ್ಲಿನೊಳಗೇ ಕಾಳಗ ನಡೆಯಿತು, ನೋಡುವವರಿಗೆ ಕಾಣಲಿಲ್ಲ ಅಷ್ಟೆ. ಎಲ್ಲರನ್ನೂ ಕಚ್ಚುತ್ತಿದ್ದ ನೀಲಿಯನ್ನು ಹಿಡಿದು ಹೊರಗೆ ಹಾಕಿದಳು. ಅಲ್ಲಿಯವರೆಗೆ ಮೂಲೆಯಲ್ಲಿ ಮುದುಡಿದ್ದ ಕೆಂಪಿ ಮಧ್ಯಾಹ್ನದೊಳಗೆ ನೀಲಿಯಾದಳು. ಕೆಂಪಿಯನ್ನು ತೆಗೆದರೆ ಬೂದುಬಣ್ಣದ್ದು ಪಟ್ಟಕ್ಕೆ ಬಂತು. ನೀರು ಬದಲಿಸಿದಳು, ಕೊರಡು ತಿರುಗಿಸಿದಳು, ಹೊಟ್ಟೆ ಬಿರಿಯುವಷ್ಟು ಸೊಳ್ಳೆಮರಿ ಹಾಕಿದಳು. ತಿಂದು ಬಲ ಬಂದ ಮೇಲೆ ಇನ್ನೂ ಚೆನ್ನಾಗಿ ಕಚ್ಚಿದವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಸತ್ತವುಗಳನ್ನೆಲ್ಲ ದೇವಕಣಗಿಲೆ ಗಿಡದ ಬುಡದಲ್ಲಿ ಹೂತಳು. ಅದು ಆ ವರ್ಷ ಯಾಕೋ ಜೋರಾಗಿ ಹೂ ಬಿಟ್ಟಿತು, ಅದನ್ನು ಕಂಡೂ ಅವಳಿಗೆ ಸಿಟ್ಟು ಬಂತು.

“ಎರಡು ಜಡೆ ಒಂದು ಕಡೆ ಸೇರೋದಿಲ್ಲ ಕಣೆ,” ಎಂದ ಥವಿನ್. “ನೀನು ಏಳೆಂಟು ಸೇರಿಸಕ್ಕೆ ಹೊರಟಿದೀಯ. ಒಂದು ಗಂಡು ಬಿಡು, ಹದ್ದುಬಸ್ತಿಗೆ ಬರ್ತವೆ.”

“ನಿಮ್ಮಿಂದ ನಾನು ಹದ್ದುಬಸ್ತಿಗೆ ಬಂದಿದೀನಾ?”

“ಮೀನಿನ ವಿಷಯ ಹೇಳ್ತಿರೋದು ನಾನು.”

ಹಟಕ್ಕೆ ಬಿದ್ದು, ಎರಡು ಕಾಳಗ ಗೆದ್ದ ತನ್ನ ಗಂಡು ಮೀನನ್ನು ತಂದು ತೊಟ್ಟಿಗೆ ಬಿಟ್ಟ. ಅದು ಕಿವಿರು ಅರಳಿಸಿ ಒಂದು ಸುತ್ತು ಹಾಕಿತು. ಎರಡನೆಯ ಸುತ್ತು ಹಾಕಲು ಹೆಣ್ಣುಗಳು ಬಿಡಲಿಲ್ಲ. ಊಟದ ಹೊತ್ತಿಗೆ ಗೆದ್ದ ವೀರ ನೀರು ಶುದ್ಧಿ ಮಾಡುವ ಕೊಳವೆಯ ಹಿಂದೆ ಸೇರಿಕೊಂಡು, ಅರ್ಧ ಬಾಲದಲ್ಲಿ ಜೀವ ಹಿಡಿದಿದ್ದ. ಥವಿನ್ ಅದನ್ನು ಲೋಟದಲ್ಲಿ ಎತ್ತಿಕೊಂಡು, ಅಟ್ಟಣೆಯ ಕಡೆ ನಡೆದ. ಆ ಇಡೀ ತಿಂಗಳಲ್ಲಿ ಸಮ್ಲಿ ನಕ್ಕಿದ್ದು ಅದೊಂದೇ ಸಲ, ಅದೂ ಪೂರ್ತಿ ಅಲ್ಲ.

ಕೇಳಬಹುದಾದವರು ಒಬ್ಬರಿದ್ದರು. ಕೇಳುವುದಕ್ಕೆ ಸಮ್ಲಿಯ ನಾಲಿಗೆ ಏಳುತ್ತಿರಲಿಲ್ಲ.

ಲಮ್ಯಾಯ್. ಅಪ್ಪನ ಎರಡನೆಯ ಹೆಂಡತಿ. ಸಮ್ಲಿ ಇನ್ನೂ ಲಂಗ ಮೇಲೆತ್ತಿ ಕೆಸರಲ್ಲಿ ಆಡುತ್ತಿದ್ದ ಕಾಲದಲ್ಲಿ ಅಪ್ಪ ದೋಣಿಯಲ್ಲಿ ಕೂರಿಸಿಕೊಂಡು ಬಂದಿದ್ದ, ಒಂದು ಗಂಟು ಬಟ್ಟೆಯ ಜೊತೆಗೆ. ಅಮ್ಮ ಮೂರು ದಿನ ಉಣ್ಣಲಿಲ್ಲ. ಒಂದು ವರ್ಷ ಮಾತಾಡಲಿಲ್ಲ. ಆಮೇಲೆ ಏನಾಯಿತೋ, ಹೇಗಾಯಿತೋ, ಇಬ್ಬರೂ ಹಿತ್ತಿಲಲ್ಲಿ ಗುಡಾಣದ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದೇ ಸಂಚಿಯಿಂದ ಎಲೆಅಡಿಕೆ ಹಾಕಿಕೊಳ್ಳತೊಡಗಿದರು. ಅಪ್ಪ ಸತ್ತ ಮೇಲೂ ಒಂದೇ ಒಲೆ, ಒಂದೇ ತಟ್ಟೆ. ಆದರೆ ಅಮ್ಮ ಬಿಟ್ಟ ಸಿಟ್ಟನ್ನು ಮಗಳು ಎತ್ತಿಟ್ಟುಕೊಂಡಿದ್ದಳು, ಯಾವತ್ತಾದರೂ ಬೇಕಾದೀತು ಎನ್ನುವ ಹಾಗೆ.

ಅಮ್ಮನ ಚಿತೆ ಆರಿದ ಮೇಲೆ ಸಮ್ಲಿ ಆಚಾರಿಯನ್ನು ಕರೆಸಿ, ಅಡಿಗೆಮನೆಯ ನಡುವೆ ಪ್ಲೈವುಡ್ ಹೊಡೆಸಿದಳು. ಆ ಕಡೆಗೊಂದು ಹೊಸ ಒಲೆ, ಬೇರೆ ಬಾಗಿಲು. “ನಿಮಗೂ ಆರಾಮ,” ಎಂದಿದ್ದಳು. ಚಿಕ್ಕಮ್ಮ ಎನ್ನಲಿಲ್ಲ. ಲಮ್ಯಾಯ್ ಹೊಸ ಒಲೆಯನ್ನು ನೋಡಿ, “ಚೆನ್ನಾಗಿದೆ,” ಎಂದಿದ್ದಳು. ಆಮೇಲೆ ಅವಳ ದನಿ ಪ್ಲೈವುಡ್ಡಿನ ಮೂಲಕವೇ ಕೇಳುತ್ತಿದ್ದುದು, ಅದೂ ಬೆಕ್ಕನ್ನು ಬೈಯುವಾಗ. ಈಚೀಚೆಗೆ ಅವಳು ಬೆಕ್ಕನ್ನಷ್ಟೇ ಅಲ್ಲ, ತರಕಾರಿ ದೋಣಿಯವಳನ್ನೂ, ಬಿಸಿಲನ್ನೂ ಬೈಯುತ್ತಿದ್ದಳು. ಮೊದಲೆಲ್ಲ ಹಾಗಿರಲಿಲ್ಲ.

ಕಡೆಗೆ ನೂರನೇ ದಿನ ಹತ್ತಿರಕ್ಕೆ ಬಂತು. ತೊಟ್ಟಿಯಲ್ಲಿ ಮೂರೇ ಉಳಿದವು, ಆ ಮೂರೂ ಹರಿದ ಬಾವುಟಗಳಂತಿದ್ದವು. ಮೈಕು ಮತ್ತೆ ಕೆಮ್ಮಿತು. ಸಮ್ಲಿ ಸೆರಗು ಕೊಡವಿದಂತೆ ಬಿಗುಮಾನ ಕೊಡವಿ, ಹೊರಗಿನಿಂದ ಸುತ್ತಿ ಹೋಗಿ ಆ ಬೇರೆ ಬಾಗಿಲನ್ನು ತಟ್ಟಿದಳು.

ಲಮ್ಯಾಯ್ ಬಾಗಿಲು ತೆರೆದು, ಪೂರ್ತಿ ತೆರೆಯದೆ ನಿಂತಳು. “ಏನು? ಹೊಗೆ ನಿಮ್ಮ ಕಡೆ ಬಂತಾ?”

“ಹೊಗೆ ಅಲ್ಲ. ಮೀನು.”

“ಮೈಕಲ್ಲಿ ಕೇಳಿದೆ. ದಿನಾ ಕೇಳ್ತೀನಿ. ಕಚ್ಚಲ್ವಂತೆ.” ಮುದುಕಿ ಎಲೆಯ ರಸವನ್ನು ಪಕ್ಕಕ್ಕೆ ಉಗುಳಿದಳು. “ಎಷ್ಟು ಸತ್ವು?”

ಸಮ್ಲಿ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು, ಅಳುವಿನ ಮೇಲೆ ಸಿಟ್ಟು ಬಂತು. “ಏನು ಮಾಡಿದ್ರೂ ಆಗ್ತಿಲ್ಲ. ಅಮ್ಮನ ಗುಡಾಣದಲ್ಲಿ ಹೇಗಿದ್ವು ಅವು! ಅದೇ ಮೀನು, ಅದೇ ನೀರು. ಅದಕ್ಕಿಂತ ದೊಡ್ಡ ಜಾಗ ಕೊಟ್ಟೆ. ಗಿಡ ನೆಟ್ಟೆ. ಒಂದೊಂದಕ್ಕೂ ಬೇರೆ ಬಾಟಲಿ ಕೊಟ್ಟು ರಾಣಿ ಥರ ನೋಡಿಕೊಂಡೆ.”

“ಬಾಟಲಿಗೆ ಹಾಕಿದ್ಯಾ?”

“ಹೂಂ.”

“ಎಲ್ಲಾನೂ?”

“ಸುಖವಾಗಿರ್ಲಿ ಅಂತ.”

ಲಮ್ಯಾಯ್ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. “ನಿಮ್ಮಪ್ಪನ ಮಗಳು ನೀನು. ನಿಮ್ಮಪ್ಪ ಗಂಡು ಸಾಕಿದ ಹಾಗೇ ಹೆಣ್ಣು ಸಾಕಕ್ಕೆ ಹೋಗಿದೀಯ. ಅಲ್ವೇ, ಮೊಟ್ಟೆಯಿಂದ ಹೊರಗೆ ಬಂದಾಗಿಂದ ಮೈಗೆ ಮೈ ತಾಗಿಸಿಕೊಂಡು ಬೆಳೆದವು ಅವು. ಯಾರು ಮುಂದೆ ತಿನ್ಬೇಕು, ಯಾರು ಪಕ್ಕಕ್ಕೆ ಸರೀಬೇಕು, ಎಲ್ಲಾ ಅವಕ್ಕೆ ಗೊತ್ತಿತ್ತು. ಕೂಡಿದ್ದವನ್ನ ನೀನು ಬಿಡಿಸಿ ಬಾಟಲಿಗೆ ಹಾಕ್ದೆ. ರಟ್ಟು ಬೇರೆ ಇಟ್ಟೆ. ಒಂದು ವಾರ ಒಂಟಿ ಇದ್ರೆ ಸಾಕು, ಇರೋ ನೀರೆಲ್ಲ ನಂದು ಅನ್ನೋ ಬುದ್ಧಿ ಬಂದ್ಬಿಡುತ್ತೆ. ಆಮೇಲೆ ಸ್ವಂತ ತಂಗಿ ಬಂದ್ರೂ ಕಳ್ಳಿ ಥರಾನೇ ಕಾಣೋದು.”

“ಮತ್ತೆ ರೂಢಿ ಮಾಡ್ಸಕ್ಕಾಗಲ್ವಾ?”

“ಆಗಲ್ಲ. ಒಂಟಿ ಇದ್ದು ಪಳಗಿದ್ದು ಮತ್ತೆ ಕೂಡಕ್ಕೆ ಬಂದ್ರೆ ಕಚ್ಚತ್ತೆ. ಉಳಿದಿರೋವನ್ನ ತೆಗೆದು ಬಾಟಲಿಗೆ ಹಾಕು. ಸಾಯೋವರೆಗೂ ನೋಡ್ಕೊ. ಅವಕ್ಕೆ ಇನ್ನು ಅದೇ ಗತಿ.”

ಸಮ್ಲಿಗೆ ತನ್ನ ಕೈಯಾರೆ ತೊಳೆದ ಬಾಟಲಿಗಳು, ತಾನೇ ಕತ್ತರಿಸಿದ ರಟ್ಟುಗಳು ಕಣ್ಣ ಮುಂದೆ ಬಂದವು. ತಪ್ಪು ಬೇರೆ ಯಾರದ್ದಾದರೂ ಆಗಿದ್ದರೆ ಬೈದು ಹಗುರಾಗಬಹುದಿತ್ತು.

“ಅಮ್ಮನ ಪುಣ್ಯ...” ಎಂದಳು.

ಮುದುಕಿ ಎಲೆ ಅಗಿಯುತ್ತಲೇ ಮೊಣಕಾಲಿಗೆ ಕೈಯೂರಿ ಎದ್ದು, ತನ್ನ ಕಡೆಯ ಹಿತ್ತಿಲಿಗೆ ನಡೆದಳು. ಅಲ್ಲಿ ಬಾಳೆಯ ನೆರಳಲ್ಲಿ ಇನ್ನೊಂದು ಗುಡಾಣವಿತ್ತು; ಪ್ಲೈವುಡ್ ಹೊಡೆದ ದಿನ ಅದು ಆ ಕಡೆಗೆ ಉಳಿದುಹೋಗಿತ್ತು, ಸಮ್ಲಿ ಮರೆತೇಬಿಟ್ಟಿದ್ದಳು. ಲಮ್ಯಾಯ್ ಅಂತರಗಂಗೆಯನ್ನು ಬದಿಗೆ ಸರಿಸಿದಳು. ಕೆಳಗೆ ಎಳೆಯ ಹೆಣ್ಣುಗಳು, ಕೆಂಪು, ನೀಲಿ, ತಾಮ್ರದ ಬಣ್ಣದವು, ಒಂದರ ಮೈಯನ್ನೊಂದು ಒರಸಿಕೊಂಡು ಓಡಾಡುತ್ತಿದ್ದವು.

“ಪ್ರಯೋಂಗಕ್ಕ ಹೋಗೋ ಮುಂಚೆ ಇಬ್ಬರೂ ಸೇರಿ ಮರಿ ಮಾಡಿಸಿದ್ದು. ಇವನ್ನ ಬಿಡಿಸಿಲ್ಲ ನಾನು. ಎಲ್ಲಾನೂ ಒಟ್ಟಿಗೆ, ಒಂದೇ ಬೋಗುಣಿಯಲ್ಲಿ, ಇದೇ ನೀರಿನ ಸಮೇತ ತಗೊಂಡು ಹೋಗು. ಒಂದನ್ನೂ ಹಿಂದೆ ಬಿಡಬೇಡ. ಮತ್ತೆ ಆ ಗಿಡ ಇದೆಯಲ್ಲ, ಅದನ್ನ ಚಂದಕ್ಕೆ ನೆಡಬೇಡ. ಕಣ್ಣು ಮರೆಗೆ ನೆಡು. ಕೂಡಿ ಇರೋರಿಗೂ ಒಬ್ಬರ ಮುಖ ಒಬ್ಬರು ನೋಡಬಾರದು ಅನ್ನಿಸೋ ಹೊತ್ತು ಇರತ್ತೆ. ಆಗ ಹಿಂದೆ ಸರಿಯಕ್ಕೆ ಜಾಗ ಬೇಕು.”

“ನಿಮ್ಮ ಹೆಸರೂ ಮೈಕಲ್ಲಿ ಹೇಳಿಸ್ತೀನಿ.”

“ಬೇಡ. ಇದು ನಮ್ಮಕ್ಕನಿಗೆ ಕೊಟ್ಟಿದ್ದು, ನಿನಗಲ್ಲ.” ಬಾಗಿಲು ಹಾಕಿಕೊಂಡಳು.

ಹೊಸ ಮೀನುಗಳು ತೊಟ್ಟಿಗಿಳಿದ ಮೇಲೆ ಒಂದೆರಡು ಸಲ ಅಟ್ಟಾಡಿಕೊಂಡವು, ಹುಲ್ಲಿನ ಹಿಂದೆ ಮರೆಯಾದವು, ಮತ್ತೆ ಬಂದವು. ಸಂಜೆಗೆ ಒಂದೂ ತೇಲಲಿಲ್ಲ. ಮಾರನೆಯ ದಿನವೂ ಇಲ್ಲ. ಥವಿನ್ ಗಾಜಿಗೆ ಮೂಗು ಒತ್ತಿ ನೋಡಿ, “ಇದೇನಿದು, ಭಿಕ್ಷುಣಿಯರನ್ನ ತಂದಿದೀಯಾ?” ಎಂದ. ಸಮ್ಲಿಗೆ ನಗು ಬರಲಿಲ್ಲ. ಅಟ್ಟಣೆಯ ಮೇಲೆ ಹಳೆಯ ಮೂರು, ಮೂರು ಬಾಟಲಿಗಳಲ್ಲಿ, ಹರಿದ ರೆಕ್ಕೆಯಲ್ಲೇ ನಿಂತಿದ್ದವು. ಅವಳು ಎರಡರ ನಡುವಿನ ರಟ್ಟನ್ನು ಒಮ್ಮೆ ಎತ್ತಿ ನೋಡಿದಳು. ಎರಡೂ ಗಾಜಿಗೆ ನುಗ್ಗಿದವು. ರಟ್ಟನ್ನು ಇದ್ದಲ್ಲೇ ಇಟ್ಟಳು.

ನೂರನೇ ದಿನ ಮಂಟಪ ತುಂಬಿತ್ತು. ನಕ್ಕಿದ್ದ ಗಂಡಸರೆಲ್ಲ ತೊಟ್ಟಿಯ ಮುಂದೆ ಕುಕ್ಕರಿಸಿ, ಯಾವಾಗ ಕಚ್ಚುತ್ತವೆಂದು ಕಾದು, ಕಾಲು ಜೋಮು ಹಿಡಿದು ಎದ್ದುಹೋದರು. ಗುರುಗಳು ಮಂತ್ರ ಶುರು ಮಾಡಿದರು. ಸತ್ತವರಿಗೆ ಪುಣ್ಯ ಮುಟ್ಟಿಸಲು ಸಮ್ಲಿ ಪುಟ್ಟ ತಂಬಿಗೆಯಿಂದ ಬಟ್ಟಲಿಗೆ ನೀರು ಎರೆಯಬೇಕು. ಮನೆಯವರು ಎರೆಯುವವಳ ಮೈಯನ್ನು ಮುಟ್ಟಿಕೊಂಡಿರಬೇಕು, ಆಗ ಎಲ್ಲರ ಪುಣ್ಯವೂ ಒಂದೇ ನೀರಲ್ಲಿ ಹೋಗುತ್ತದೆ. ಥವಿನ್ ಅವಳ ಭುಜ ಮುಟ್ಟಿದ. ಬೇರೆ ಕೈ ಬರಲಿಲ್ಲ. ಸಮ್ಲಿ ತಿರುಗಿ ನೋಡಿದಳು. ಲಮ್ಯಾಯ್ ಕಂಬದ ಹಿಂದೆ, ಅಕ್ಕಪಕ್ಕದ ಊರವರ ನಡುವೆ, ಪರರ ಮನೆಯ ಕಾರ್ಯಕ್ಕೆ ಬಂದವಳಂತೆ ಕೈ ಮುಗಿದು ಕುಳಿತಿದ್ದಳು. ಕಣ್ಣಿಗೆ ಕಣ್ಣು ಸಿಕ್ಕಿತು. ಮುದುಕಿ ಕದಲಲಿಲ್ಲ.

ಮಂತ್ರ ನಿಲ್ಲುವಂತಿರಲಿಲ್ಲ. ಸಮ್ಲಿ ನೀರು ಎರೆದಳು. ಅಮ್ಮನ ಎರಡು ಕೈಯಲ್ಲಿ ಒಂದು ಇನ್ನೂ ಖಾಲಿ ಉಳಿಯಿತೆಂದೇ ಅವಳಿಗೆ ಅನ್ನಿಸಿತು.

ಮನೆಗೆ ಬಂದವಳು ಬಟ್ಟೆ ಕೂಡ ಬದಲಿಸಲಿಲ್ಲ. ಸುತ್ತಿಗೆ ತೆಗೆದುಕೊಂಡು ಅಡಿಗೆಮನೆಗೆ ಹೋಗಿ ಪ್ಲೈವುಡ್ಡಿನ ಮೊಳೆ ಕೀಳತೊಡಗಿದಳು. ಆಚೆಯಿಂದ ಬೆಕ್ಕು ಓಡಿತು.

“ಏನದು ಸದ್ದು? ಮನೆ ಬೀಳಿಸ್ತಿದೀಯಾ?”

“ಹೌದು.” ಒಂದು ಹಲಗೆ ಕಿತ್ತು ಬಂತು. ಆ ತೂತಿನಲ್ಲಿ ಲಮ್ಯಾಯ್‌ಳ ಮುಖ ಕಾಣಿಸಿತು, ಒಲೆಯ ಹೊಗೆಗೆ ಕಪ್ಪಿಟ್ಟ ಗೋಡೆಯ ಮುಂದೆ. ಒಬ್ಬಳಿಗೆ ಬೇಯಿಸಿದ ಅನ್ನದ ಪುಟ್ಟ ಪಾತ್ರೆ ಅವಳ ಕೈಯಲ್ಲಿತ್ತು. ಅಷ್ಟು ಚಿಕ್ಕ ಪಾತ್ರೆ ಆ ಮನೆಯಲ್ಲಿ ಇದೆಯೆಂದೇ ಸಮ್ಲಿಗೆ ಗೊತ್ತಿರಲಿಲ್ಲ.

“ಊಟಕ್ಕೆ ಈ ಕಡೆ ಬನ್ನಿ ಚಿಕ್ಕಮ್ಮ.”

ಲಮ್ಯಾಯ್ ಬರಲಿಲ್ಲ. “ನಾನು ಹೇಳಿದ್ದು ಕೇಳಿಸ್ಕೊಂಡ್ಯೋ ಇಲ್ವೋ? ನೂರು ದಿನ ಬಾಟಲಿಯಲ್ಲಿ ಇಟ್ಟಿದೀಯ ನನ್ನ. ಈಗ ತೊಟ್ಟಿಗೆ ಬಾ ಅಂದ್ರೆ ನಾನು ಕಚ್ತೀನಿ.”

“ಕಚ್ಚಿ,” ಎಂದಳು ಸಮ್ಲಿ. ಇನ್ನೊಂದು ಮೊಳೆಗೆ ಸುತ್ತಿಗೆಯ ಕೊಂಡಿ ಸಿಕ್ಕಿಸಿದಳು. ಸುತ್ತಿಗೆ ಜಾರಿ ಬೆರಳಿಗೆ ಪೆಟ್ಟಾಯಿತು. “ಕಚ್ಚಿ ಚಿಕ್ಕಮ್ಮ. ನಾನೇನು ಸಾಯಲ್ಲ.”

ಅವಳು ಕೀಳುತ್ತಲೇ ಹೋದಳು. ಅರ್ಧ ಹಲಗೆಗಳು ಕಿತ್ತು ಬಂದಿದ್ದವು.

“ಸಾಕು, ನಿಲ್ಸು,” ಎಂದಳು ಮುದುಕಿ. “ಪೂರ್ತಿ ಕೀಳಬೇಡ. ಆ ಅರ್ಧ ಹಾಗೇ ಇರ್ಲಿ. ನಿನ್ನ ಮುಖ ನೋಡಕ್ಕಾಗದ ದಿನ ಅದರ ಹಿಂದೆ ಕೂತ್ಕೋತೀನಿ.”

ಪಾತ್ರೆ ಹಿಡಿದುಕೊಂಡೇ ತೂತಿನಿಂದ ಈ ಕಡೆ ದಾಟಿದಳು. ಅಡಿಗೆಮನೆಯನ್ನು ಮೇಲಿಂದ ಕೆಳಗೆ ನೋಡಿದಳು. ಹುಳಿಸಾರಿನ ಮುಚ್ಚಳ ಎತ್ತಿ ಮೂಸಿ, ಮುಖ ಸಿಂಡರಿಸಿದಳು.

“ಇದಕ್ಕೆ ಹುಣಸೆ ಹಾಕಿದವರು ಯಾರು, ನಿನ್ನ ಗಂಡನಾ? ಮತ್ತೆ ಒಲೇನ ಯಾಕೆ ಕಿಟಕಿ ಹತ್ರ ಇಟ್ಟಿದೀಯ? ನಿಮ್ಮಮ್ಮ ಯಾವತ್ತಾದ್ರೂ ಅಲ್ಲಿ ಇಟ್ಟಿದ್ಲಾ? ಮೊದ್ಲು ಅದನ್ನ ಈ ಕಡೆ ಸರ್ಸು, ಆಮೇಲೆ ಉಣ್ತೀನಿ.”

ಸಮ್ಲಿಗೆ ಮೈಯೆಲ್ಲ ಉರಿಯಿತು. ಆದರೂ ಬಟ್ಟೆ ಸುತ್ತಿ, ಎತ್ತಿಡುವ ಬಿಸಿ ಒಲೆಯ ಒಂದು ಕಿವಿ ಹಿಡಿದಳು. ಇನ್ನೊಂದು ಕಿವಿಯನ್ನು ಲಮ್ಯಾಯ್ ಹಿಡಿದಳು, ಬೈಯುತ್ತಲೇ.